ಆ ದಾವೆಗೆ ನನ್ನ ಸಹಿ ಬೇಡ, ತಮ್ಮಾ

ಠಾಣೆ
20 ಜೂನ್ 2025

ಪ್ರೀತಿಯ ತಮ್ಮಾ,

ನೀನು ಕೊರಿಯರ್ ಮಾಡಿದ ಕಾಗದಗಳು ಮೊನ್ನೆ ಕೈಸೇರಿದವು. ವಕಾಲತ್ತು, ದಾವೆಯ ಕರಡು, ಅಫಿಡವಿಟ್ಟು. ಮೂರರಲ್ಲೂ ನನ್ನ ಹೆಸರಿನ ಮೇಲೆ ಪೆನ್ಸಿಲಿನ ಗುರುತು ಹಾಕಿ ಕಳಿಸಿದ್ದೀ. ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಫೋನಿನಲ್ಲಿ ಹೇಳಿದರೆ ನೀನು ಬೇಜಾರು ಮಾಡಿಕೊಂಡು ಅರ್ಧಕ್ಕೇ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಬಂದರೂ ಪೂರ್ತಿ ಓದು. ಡೊಂಬಿವಲಿಯ ಮಾನಪಾಡಾ ರಸ್ತೆಯ ಆ ಮನೆ ಹೋಗಲಿ ಎಂದು ನನ್ನ ಮನಸ್ಸಿನ ಯಾವ ಮೂಲೆಯಲ್ಲೂ ಇಲ್ಲ. ಹೋಗಬಾರದು ಎಂದೇ ಈ ಪತ್ರ.

ಅಪ್ಪ ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು, ಮುಂದೆ ಗುಮಾಸ್ತನಾಗಿ ಕೊಂಡ ಮನೆ ಅದು. ಅಮ್ಮ ಇನ್ನೂ ಅದೇ ಬಾಲ್ಕನಿಯಲ್ಲಿ ಕೂತು ಬಸಳೆ ಸೋಸುತ್ತಾಳೆ. ನಿನ್ನ ದಾವೆಯ ಕರಡಿನಲ್ಲಿ ಏನಿದೆ ನೋಡು. ಅಪ್ಪ ವಿಲ್ ಬರೆಯದೆ ತೀರಿಕೊಂಡರು, ಮಗಳಾದ ನನಗೆ ಮೂರರಲ್ಲೊಂದು ಪಾಲಿದೆ, ನನ್ನನ್ನು ಕೇಳದೆ ಮನೆಯನ್ನು ಅಡವಿಟ್ಟಿದ್ದಾರೆ, ಹಾಗಾಗಿ ಬ್ಯಾಂಕಿನ ಅಡಮಾನ ಅಸಿಂಧು. ವಿಲ್ ಇರಲಿಲ್ಲ ಎಂಬುದೊಂದು ನಿಜ. ಆದರೆ 2014ರಲ್ಲಿ ಕಲ್ಯಾಣದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನು ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು, ನನ್ನ ಪಾಲು ಬಿಟ್ಟುಕೊಟ್ಟು ರಿಲೀಸ್ ಡೀಡ್ ಮಾಡಿದ್ದೇನಲ್ಲ? ಪಕ್ಕದಲ್ಲಿ ನಿಂತವನು ನೀನೇ. ಅದೇ ಪತ್ರವನ್ನು ನಂಬಿ 2018ರಲ್ಲಿ ಬ್ಯಾಂಕು ನಿನ್ನ ಹೋಟೆಲಿಗೆ ಸಾಲ ಕೊಟ್ಟಿತು. ಈಗ ಕೋರ್ಟಿನೆದುರು ನನಗೆ ಗೊತ್ತೇ ಇಲ್ಲ ಎಂದು ಪ್ರಮಾಣ ಮಾಡಬೇಕೇ?

ನಿನ್ನ ವಕೀಲರು ಜನವರಿ 2025ರ ಸುಪ್ರೀಂ ಕೋರ್ಟಿನ ತೀರ್ಪು ತೋರಿಸಿದರು ಎಂದೆ. ಸೆಂಟ್ರಲ್ ಬ್ಯಾಂಕ್ ವಿರುದ್ಧ ಪ್ರಭಾ ಜೈನ್ ಪ್ರಕರಣ. ನಾನೂ ಓದಿದೆ. ತೀರ್ಪು ಸರಿಯಾದದ್ದೇ. ಸಾಲ ತೆಗೆಯದ, ಅಡಮಾನಕ್ಕೆ ಒಪ್ಪದ ಒಬ್ಬ ಹೆಣ್ಣುಮಗಳು ಆಸ್ತಿಯಲ್ಲಿ ತನ್ನ ಹಕ್ಕು ಸಾರಲು ಸಿವಿಲ್ ಕೋರ್ಟಿಗೆ ಹೋಗಬಹುದು, ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 34ನೇ ಕಲಮು ಅದಕ್ಕೆ ಅಡ್ಡಿಯಲ್ಲ ಎಂದು ಹೇಳಿದೆ. ಆಕೆ ತನ್ನ ಹಕ್ಕನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ನಾನು ಬಿಟ್ಟುಕೊಟ್ಟವಳು. ಮನೆಯವರೇ ಸೇರಿ, ಇದು ಕುಟುಂಬದ ಆಸ್ತಿ, ನಮ್ಮ ಪಾಲು ಕೊಡಿ ಎಂದು ಬ್ಯಾಂಕಿನ ಹರಾಜಿಗೆ ಅಡ್ಡ ಹಾಕಿದ ಜಗದೀಶ್ ಸಿಂಗ್ ವಿರುದ್ಧ ಹೀರಾಲಾಲ್ ಪ್ರಕರಣವೂ ಇದೆಯಲ್ಲ, 2013ರದ್ದು. ಅದರಲ್ಲಿ ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದೆ, ಸಾಲ ವಸೂಲಿ ನ್ಯಾಯಮಂಡಳಿಯಾದ ಡಿಆರ್‌ಟಿಗೆ ಹೋಗಿ ಎಂದರು. ಅದನ್ನು ವಕೀಲರು ತೋರಿಸಲಿಲ್ಲವೇ?

ನಿವೃತ್ತಿಗೆ ಮುಂಚಿನ ವರ್ಷಗಳನ್ನೆಲ್ಲ ಬ್ಯಾಂಕಿನ ವಸೂಲಿ ವಿಭಾಗದಲ್ಲಿ ಕಳೆದವಳು ನಾನು. ನಿನಗೆ ಹೇಳಿಕೊಟ್ಟ ಯೋಜನೆ ನನಗೆ ಹೊಸದಲ್ಲ. ನನ್ನ ಹೆಸರಲ್ಲಿ ಕಲ್ಯಾಣದ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ. ನಿನ್ನ ಭಾವಮೈದನನ್ನು ಬಾಡಿಗೆದಾರನೆಂದು ತೋರಿಸಿ ಇನ್ನೊಂದು. ಎರಡರಲ್ಲೂ ತಡೆಯಾಜ್ಞೆ ಸಿಗದಿದ್ದರೆ ಮುಂಬಯಿ ಹೈಕೋರ್ಟಿನಲ್ಲಿ ರಿಟ್. ಡಿಆರ್‌ಟಿಯನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಅಲ್ಲಿ ಬ್ಯಾಂಕಿನವರದೇ ಕಾರುಬಾರು ಎಂದರಂತೆ. ಎಲ್ಲೋ ಒಂದು ಕಡೆ ಸ್ಟೇ ಸಿಕ್ಕೇ ಸಿಗುತ್ತದೆ ಎಂಬ ಲೆಕ್ಕ. ಕಾನೂನಿನವರು ಇದನ್ನು ಫೋರಮ್ ಶಾಪಿಂಗ್ ಎನ್ನುತ್ತಾರೆ. ಠಾಣೆ ಜಿಲ್ಲೆಯ ಕೋರ್ಟುಗಳ ಮೆಟ್ಟಿಲು ಹತ್ತಿ ಇಳಿದವಳಾಗಿ ಹೇಳುತ್ತೇನೆ, ಹೀಗೆ ಸ್ಟೇ ಸಿಕ್ಕವರನ್ನು ನೋಡಿದ್ದೇನೆ. ಸ್ಟೇ ಸಿಕ್ಕಿ ಮನೆ ಉಳಿದವರನ್ನು ನೋಡಿಲ್ಲ.

ನಮ್ಮ ಹತ್ತಿರದ್ದೇ ಒಂದು ಪ್ರಕರಣ ಹೇಳುತ್ತೇನೆ. ಇದು ದೊಡ್ಡವರ ಸಂಗತಿ, ಕೋಟಿಗಳಲ್ಲಿ ನಡೆದದ್ದು. ಆದರೆ ಕಾನೂನು ನಿನ್ನ ಎರಡು ಬೆಡ್‌ರೂಮಿನ ಮನೆಗೂ ಅದೇ. ನವಿ ಮುಂಬಯಿಯ ಟಿಟಿಸಿ ಕೈಗಾರಿಕಾ ಪ್ರದೇಶದ ಒಂದು ನಿವೇಶನವನ್ನು ಬಾಫ್ನಾ ಮೋಟರ್ಸ್ ಎಂಬ ಕಂಪನಿ ಯೂನಿಯನ್ ಬ್ಯಾಂಕಿಗೆ ಅಡವಿಟ್ಟಿತ್ತು. ಸಾಲ ತೀರಲಿಲ್ಲ. ಬ್ಯಾಂಕು ಎಂಟು ಸಲ ಹರಾಜಿಗಿಟ್ಟರೂ ಕೊಳ್ಳುವವರು ಬರಲಿಲ್ಲ. ಜೂನ್ 2023ರ ಒಂಬತ್ತನೇ ಹರಾಜಿನಲ್ಲಿ ಸೆಲಿರ್ ಎಂಬ ಸಂಸ್ಥೆ 105.05 ಕೋಟಿ ರೂಪಾಯಿಗೆ ಕೂಗಿತು, ಹಣವನ್ನೂ ಕಟ್ಟಿತು. ಸಾಲಗಾರರ ಅರ್ಜಿ ಡಿಆರ್‌ಟಿಯಲ್ಲಿ ಇನ್ನೂ ಬಾಕಿ ಇತ್ತು. ಅದು ತೀರ್ಮಾನವಾಗುವ ಮೊದಲೇ ಅವರು ಹೈಕೋರ್ಟಿಗೆ ಹೋದರು. 129 ಕೋಟಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳಿ ಎಂದು ಹೈಕೋರ್ಟು 2023ರ ಆಗಸ್ಟ್ 17ರಂದು ಒಪ್ಪಿತು. ಹಣ ಕಟ್ಟಿದರು, ಆಸ್ತಿಯನ್ನು ಮೂರನೆಯವರಿಗೆ ವಹಿಸಿಯೂ ಬಿಟ್ಟರು. ಗೆದ್ದೆವು ಎಂದುಕೊಂಡಿರಬೇಕು.

ಸೆಪ್ಟೆಂಬರ್ 21ಕ್ಕೆ ಸುಪ್ರೀಂ ಕೋರ್ಟು ಅದನ್ನೆಲ್ಲ ತಳ್ಳಿಹಾಕಿತು. 2016ರಲ್ಲಿ ತಿದ್ದುಪಡಿಯಾದ 13(8)ನೇ ಕಲಮಿನ ಪ್ರಕಾರ ಪೂರ್ತಿ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಡುವ ತನಕ ಮಾತ್ರ ಎಂದಿತು. ಅಷ್ಟಕ್ಕೇ ಜಗಳ ನಿಲ್ಲಲಿಲ್ಲ. ಡಿಆರ್‌ಟಿಯಲ್ಲಿದ್ದ ಹಳೇ ಅರ್ಜಿಯನ್ನು ಮುಂದಿಟ್ಟುಕೊಂಡು ಹರಾಜೇ ಸರಿಯಿಲ್ಲ ಎಂದು ಸಾಲಗಾರರು ಹೊರಟರು, ಆಸ್ತಿ ಪಡೆದ ಮೂರನೆಯವರು ತಮ್ಮದೇ ಹಕ್ಕು ಹೇಳಿದರು. ಸೆಲಿರ್ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬೇಕಾಯಿತು. 2024ರ ಡಿಸೆಂಬರ್ 13ರಂದು ನ್ಯಾಯಮೂರ್ತಿ ಪರ್ದೀವಾಲಾ ಬರೆದ ಆ ತೀರ್ಪನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಮೊದಲ ಸುತ್ತಿನಲ್ಲೇ ಎತ್ತಬಹುದಾಗಿದ್ದ, ಎತ್ತಲೇಬೇಕಾಗಿದ್ದ ತಕರಾರನ್ನು ಆಗ ಬಚ್ಚಿಟ್ಟುಕೊಂಡು, ಸೋತ ಮೇಲೆ ಇನ್ನೊಂದು ಕಡೆ ತುಂಡುತುಂಡಾಗಿ ಎತ್ತುವುದು ಕೋರ್ಟಿನ ದುರುಪಯೋಗ ಎಂಬುದು ಅದರ ತಿರುಳು. ಕೊನೆಗೆ ಆಸ್ತಿ ಹರಾಜಿನಲ್ಲಿ ಕೊಂಡವರಿಗೇ ಹೋಯಿತು.

ಅಷ್ಟು ದುಡ್ಡಿದ್ದವರು, ಅಷ್ಟು ದೊಡ್ಡ ವಕೀಲರನ್ನು ಇಟ್ಟುಕೊಂಡವರು, ಹೈಕೋರ್ಟಿನಲ್ಲಿ ಒಮ್ಮೆ ಗೆದ್ದವರು. ಅವರದೇ ಹೀಗಾಯಿತು. ನಿನ್ನ ಬಾಕಿ 40 ಲಕ್ಷ. ಶೇಕಡಾ 12ರ ಬಡ್ಡಿ ಎಂದರೂ ತಿಂಗಳಿಗೆ 40 ಸಾವಿರ. ಕಲ್ಯಾಣದ ದಾವೆ ಒಂದು ತಾರೀಖಿನಿಂದ ಇನ್ನೊಂದಕ್ಕೆ ಜಾರುತ್ತಿರುವಾಗ ಆ 40 ಸಾವಿರ ಜಾರುವುದಿಲ್ಲ, ಏರುತ್ತದೆ. ಅದರ ಮೇಲೆ ಎರಡು ಮೂರು ಕೋರ್ಟಿನ ವಕೀಲರ ಫೀಸು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಾ? ಊರಿನ ಗದ್ದೆಯ ವ್ಯಾಜ್ಯದಲ್ಲಿ ಅಜ್ಜ ಕಂಡದ್ದನ್ನೇ ಅವರು ಹೇಳುತ್ತಿದ್ದದ್ದು.

ಇದು ಇಂದಿನ ಚಾಳಿಯೂ ಅಲ್ಲ. 1977ರಲ್ಲಿ ನಮ್ಮ ಬೆಂಗಳೂರಿನದೇ ಒಂದು ಬಾಡಿಗೆ ಮನೆಯ ತಕರಾರು ಸುಪ್ರೀಂ ಕೋರ್ಟಿನ ತನಕ ಹೋಯಿತು, ಅರಿವಂದಂದಂ ಪ್ರಕರಣ. ಮನೆ ಬಿಡಬೇಕೆಂದು ಹೈಕೋರ್ಟಿನವರೆಗೂ ತೀರ್ಪಾದ ಮೇಲೆ, ತಂದೆ ಸೋತದ್ದನ್ನು ಮಗ ಮುನ್ಸೀಫ್ ಕೋರ್ಟಿನಲ್ಲಿ ಹೊಸ ದಾವೆ ಹಾಕಿ ಎಳೆಯತೊಡಗಿದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬಡವರ ಪರ ನಿಂತವರೆಂದು ಹೆಸರಾದವರು. ಅವರೇ ಅದನ್ನು ಕಂಡು ಕೆಂಡವಾದರು. ಇಂಥ ದಾವೆಯನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸಬೇಕು ಎಂದರು. ಇಂದಿಗೂ ಬ್ಯಾಂಕಿನ ವಕೀಲರು ದಾವೆ ವಜಾ ಮಾಡಿ ಎಂದು ಅರ್ಜಿ ಹಾಕುವಾಗ ಮೊದಲು ಉದ್ಧರಿಸುವುದು ಅದನ್ನೇ. ನನ್ನ ರಿಲೀಸ್ ಡೀಡಿನ ನಕಲು ಜೊತೆಗಿಟ್ಟು ಆ ತೀರ್ಪು ಓದಿದರೆ ನಿನ್ನ ದಾವೆ ಎಷ್ಟು ದಿನ ನಿಂತೀತು, ನೀನೇ ಯೋಚಿಸು.

ನೀನು ಕೇಳಿದ ಪ್ರಶ್ನೆ ನನ್ನನ್ನು ಕಾಡಿದೆ, ಸುಳ್ಳು ಹೇಳುವುದಿಲ್ಲ. ಬ್ಯಾಂಕಿನವರು ಡಿಆರ್‌ಟಿಯಲ್ಲೂ ಅರ್ಜಿ ಹಾಕುತ್ತಾರೆ, ಸರ್ಫೇಸಿ ನೋಟಿಸನ್ನೂ ಕೊಡುತ್ತಾರೆ, ಚೆಕ್ ಬೌನ್ಸ್ ಎಂದು ಮ್ಯಾಜಿಸ್ಟ್ರೇಟರ ಬಳಿಗೂ ಎಳೆಯುತ್ತಾರೆ. ಅವರು ಮೂರು ಕಡೆ ಹೋದರೆ ಸರಿ, ನಾವು ಹೋದರೆ ತಪ್ಪೇ ಎಂದೆ. ಬ್ಯಾಂಕು ಡಿಆರ್‌ಟಿ, ಸರ್ಫೇಸಿ ಎರಡೂ ದಾರಿ ಒಟ್ಟಿಗೆ ಹಿಡಿಯಬಹುದು ಎಂದು ಸುಪ್ರೀಂ ಕೋರ್ಟು 2006ರ ಟ್ರಾನ್ಸ್‌ಕೋರ್ ಪ್ರಕರಣದಲ್ಲೇ ಹೇಳಿಬಿಟ್ಟಿದೆ. ಅದು ಸಾಲಗಾರನ ಮೇಲೆ ಭಾರವಾದ ಕಾನೂನು ಎಂದು ಬ್ಯಾಂಕಿನ ಕುರ್ಚಿಯಲ್ಲಿ ಕೂತಾಗಲೂ ನನಗೆ ಅನಿಸಿತ್ತು, ಈಗಲೂ ಅನಿಸುತ್ತದೆ. ಮೊದಲ ಹಂತದಲ್ಲೇ ಶೇಕಡಾ 75 ಹಣ ಕಟ್ಟಿ ಬನ್ನಿ ಎಂಬ ಷರತ್ತೂ ಈ ಕಾಯ್ದೆಯಲ್ಲಿ ಇತ್ತು. 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಅದನ್ನು ರದ್ದು ಮಾಡಿದರು. ಇಲ್ಲದಿದ್ದರೆ ನಿನ್ನಂಥವನಿಗೆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಆದರೂ ಕಾನೂನು ಕಠಿಣ ಎಂಬುದಕ್ಕೆ ಸುಳ್ಳು ಉತ್ತರವಲ್ಲ ಮಾರಾಯಾ. ಬಡವನ ಕೈಯಲ್ಲಿ ಉಳಿಯುವ ಒಂದೇ ಬಂಡವಾಳ ಜಡ್ಜರು ಅವನ ಮಾತು ನಂಬುವುದು. ಒಂದು ಸುಳ್ಳು ಅಫಿಡವಿಟ್ಟು ಸಿಕ್ಕಿಬಿದ್ದರೆ ನಿನ್ನ ನಿಜವಾದ ತಕರಾರಿಗೂ ಕಿವಿ ಕೊಡುವವರಿಲ್ಲ.

ಹಲವು ಕಡೆ ಹೋಗುವುದೇ ತಪ್ಪು ಎಂದೂ ನಾನು ಹೇಳುತ್ತಿಲ್ಲ. ನಿಮ್ಮ ಕಲ್ಯಾಣ-ಡೊಂಬಿವಲಿಯ ಆ 65 ಕಟ್ಟಡಗಳ ಜನರನ್ನು ನೋಡು. ಬಿಲ್ಡರುಗಳು ಪಾಲಿಕೆಯ ನಕಲಿ ಪರವಾನಗಿ ತೋರಿಸಿ ಮಹಾರೇರಾ ನೋಂದಣಿ ಪಡೆದರು, ಅದನ್ನು ನೋಡಿ ಜನ ಮನೆ ಕೊಂಡರು, ಬ್ಯಾಂಕುಗಳು ಸಾಲ ಕೊಟ್ಟವು. 2024ರ ನವೆಂಬರಿನಲ್ಲಿ ಹೈಕೋರ್ಟು ಕೆಡವಿ ಎಂದಿತು. ಕಂತು ಕಟ್ಟುತ್ತಿರುವ ಮನೆಗೇ ಬುಲ್ಡೋಜರ್ ಬರುತ್ತದೆ ಎಂದಾದಾಗ ಆ ಮನೆಯ ಹೆಂಗಸರ ಹೊಟ್ಟೆಯಲ್ಲಿ ಎಂಥ ಬೆಂಕಿ ಬಿದ್ದಿರಬೇಕು! ಅವರು ವಂಚನೆಗೆ ಪೊಲೀಸರ ಬಳಿ, ಹಣಕ್ಕೆ ರೇರಾ ಬಳಿ, ಸಕ್ರಮಕ್ಕೆ ಪಾಲಿಕೆ ಮತ್ತು ಸರ್ಕಾರದ ಬಳಿ ಹೋಗಲೇಬೇಕು. ಬೇರೆ ಬೇರೆ ನೋವಿಗೆ ಬೇರೆ ಬೇರೆ ಬಾಗಿಲು. ನೀನು ಹೊರಟಿರುವುದು ಒಂದೇ ಬೇಡಿಕೆ ಹಿಡಿದು, ಒಂದು ಕಡೆ ಹೇಳಿದ್ದನ್ನು ಇನ್ನೊಂದು ಕಡೆ ಮುಚ್ಚಿಟ್ಟು, ಮೂರು ಹೆಸರಿನಲ್ಲಿ.

ಬಾಡಿಗೆ ಕರಾರಿನ ವಿಷಯ ಬರೆಯಲು ನನಗೆ ಕಷ್ಟವಾಗುತ್ತದೆ. ಆದರೂ ನಿನಗೆ ಗೊತ್ತಿರಬೇಕು. ಕಲ್ಯಾಣ ಪಶ್ಚಿಮದ ಒಂದು ಮನೆ. ಮನೆ ವಶಕ್ಕೆ ಪಡೆಯಲು ಜಿಲ್ಲಾಧಿಕಾರಿ ಸರ್ಫೇಸಿಯ 14ನೇ ಕಲಮಿನಡಿ ಕೊಟ್ಟ ಆದೇಶ ಹಿಡಿದು ತಹಸೀಲ್ದಾರ ಕಚೇರಿಯವರು, ಮಹಿಳಾ ಪೊಲೀಸರು, ಬೀಗದವನು, ಬ್ಯಾಂಕಿನ ಕಡೆಯಿಂದ ನಾನು. ಒಲೆಯ ಮೇಲೆ ಕುಕ್ಕರ್ ಇತ್ತು. ಮಗ ಒಂದು ಕರಾರು ಮುಂದಿಟ್ಟ. ತಾಯಿ ಇಲ್ಲಿ ಬಾಡಿಗೆಗೆ ಇದ್ದಾರೆ, ಬಾಡಿಗೆ ಕಾಯ್ದೆಯ ರಕ್ಷಣೆ ಇದೆ ಎಂದ. ಅಧಿಕಾರಿ ಮೆಲ್ಲಗೆ ಕೇಳಿದರು, ಆಜಿ, ತಿಂಗಳಿಗೆ ಬಾಡಿಗೆ ಎಷ್ಟು ಕೊಡ್ತೀರಿ? ಆಕೆಗೆ ತಿಳಿಯಲಿಲ್ಲ. ಮಗನ ಮುಖ ನೋಡಿದಳು. ಇದು ನಮ್ಮದೇ ಮನೆಯಲ್ಲವೇನೋ ಎಂದಳು. ಕರಾರಿನ ತಾರೀಖು ಸಾಲಕ್ಕಿಂತ ಹಿಂದಿನದು. ಬರೆದ ಮುದ್ರಾಂಕ ಕಾಗದ ಕೊಂಡದ್ದು ನೋಟಿಸು ಬಂದ ಮೇಲೆ. ಪಂಚನಾಮೆ ಶುರುವಾಯಿತು. ಕಪಾಟು ಒಂದು, ಮಂಚ ಎರಡು, ಮಿಕ್ಸರ್ ಒಂದು, ಹಿಟ್ಟಿನ ಡಬ್ಬಿ ನಾಲ್ಕು. ಒಂದೊಂದನ್ನೂ ಗಟ್ಟಿಯಾಗಿ ಹೇಳಿ ಬರೆದುಕೊಳ್ಳುವಾಗ ಆಕೆ ಕುಕ್ಕರಿನ ಕೆಳಗಿನ ಗ್ಯಾಸು ಆರಿಸಿ, ಮುಚ್ಚಳ ತೆಗೆಯದೆ ಹಾಗೇ ನಿಂತಿದ್ದಳು.

ಆ ಮಗ ಕೆಟ್ಟವನಲ್ಲ. ಹರಾಜಿನ ಜಾಹೀರಾತು ಪತ್ರಿಕೆಯಲ್ಲಿ ಬಂದ ಮೇಲೆ ಊರಿನ ಜಾಗ ಮಾರಿ ಹಣ ಹೊಂದಿಸಿಕೊಂಡು ಬ್ಯಾಂಕಿಗೆ ಓಡಿಬಂದ. ಅಷ್ಟು ಹೊತ್ತಿಗೆ ಹಕ್ಕು ಮುಗಿದಿತ್ತು. ಕೋರ್ಟಿನಿಂದ ಕೋರ್ಟಿಗೆ ಅಲೆದ ಕಾಲದಲ್ಲೇ ಆ ಹಣ ತಂದಿದ್ದರೆ ಮನೆ ಅವನದೇ. ಬಾಡಿಗೆದಾರರ ರಕ್ಷಣೆ ಸುಳ್ಳಲ್ಲ, 2016ರ ವಿಶಾಲ್ ಕಲ್ಸಾರಿಯಾ ತೀರ್ಪು ನಿಜವಾದ ಬಾಡಿಗೆದಾರನನ್ನು ಕಾಯುತ್ತದೆ. ನಿಜವಾದವನನ್ನು ಮಾತ್ರ. ನಿನ್ನ ಭಾವಮೈದ ಉಲ್ಹಾಸನಗರದಲ್ಲಿ ಸ್ವಂತ ಮನೆಯಲ್ಲಿದ್ದಾನೆ, ವಿದ್ಯುತ್ ಬಿಲ್ಲು ಅಲ್ಲಿ ಬರುತ್ತದೆ. ಅವನ ಮನೆಯ ಕೇಸರಿ ರೇಷನ್ ಕಾರ್ಡಿನಿಂದ ಹಿಡಿದು ಎಲ್ಲ ಕಾಗದವೂ ನಿನ್ನ ಕರಾರಿನ ವಿರುದ್ಧ ಸಾಕ್ಷಿ ಹೇಳುತ್ತದೆ. ಪಾಪ, ಅವನನ್ನೇಕೆ ಸುಳ್ಳು ಸಾಕ್ಷಿಯ ಬಾಯಿಗೆ ದೂಡುತ್ತೀ?

ಈಗ ಮಾಡಬೇಕಾದ್ದು ಹೇಳುತ್ತೇನೆ. ನಿನ್ನ ಬಾಗಿಲಿಗೆ ಪೊಸೆಷನ್ ನೋಟಿಸು ಅಂಟಿಸಿದ್ದು ಜೂನ್ 2ರಂದು. 17ನೇ ಕಲಮಿನಡಿ ಡಿಆರ್‌ಟಿಗೆ ಹೋಗಲು 45 ದಿನ, ಅಂದರೆ ಜುಲೈ 17ರವರೆಗೆ. ಕಲ್ಯಾಣದ ದಾವೆ ಹಿಡಿದುಕೊಂಡು ಕೂತರೆ ಇದೇ ಮೊದಲು ಕೈತಪ್ಪುವುದು. ಆಮೇಲೆ ಹೋದರೆ ತಡವೇಕಾಯಿತು ಎಂದು ಒಪ್ಪಿಸುವುದರಲ್ಲೇ ಅರ್ಧ ಶಕ್ತಿ ಸೋರುತ್ತದೆ. ನೇರ ಹೈಕೋರ್ಟಿಗೆ ಹೋದರೆ, ಡಿಆರ್‌ಟಿ ಇರುವಾಗ ಇಲ್ಲಿಗೇಕೆ ಬಂದೆ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. 2010ರ ಸತ್ಯವತಿ ಟಂಡನ್ ತೀರ್ಪಿನ ನಂತರ ಅದೇ ರೂಢಿ. ಡಿಆರ್‌ಟಿಯಲ್ಲಿ ಬ್ಯಾಂಕಿನವರದೇ ಕಾರುಬಾರು ಎಂಬ ಮಾತು ಬಿಟ್ಟುಬಿಡು. ಬ್ಯಾಂಕು ಕ್ರಮ ತಪ್ಪಿದ ಕಡೆ ಅದೇ ಡಿಆರ್‌ಟಿ ಪೊಸೆಷನ್ನನ್ನು ರದ್ದು ಮಾಡಿ ಆಸ್ತಿ ವಾಪಸು ಕೊಡಿಸಿದ್ದನ್ನು ನಮ್ಮ ವಿಭಾಗದಲ್ಲೇ ಕಂಡಿದ್ದೇನೆ. ಆ ದಿನ ನಮ್ಮ ಮ್ಯಾನೇಜರರ ಮುಖ ಇನ್ನೂ ನೆನಪಿದೆ.

ನಿನ್ನ ನಿಜವಾದ ತಕರಾರುಗಳು ಇವೆ ತಮ್ಮಾ, ಅವನ್ನು ಯಾರೂ ನೋಡಿಯೇ ಇಲ್ಲ. ಸಾಲದ ಖಾತೆಯ ಸ್ಟೇಟ್‌ಮೆಂಟ್ ಓದಿದೆ. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗಿನ ಕೋವಿಡ್ ಮೊರಟೋರಿಯಂ ತಿಂಗಳುಗಳಲ್ಲಿ ಬಡ್ಡಿಯ ಮೇಲೆ ಬಡ್ಡಿ ಹಾಕಬಾರದು, ಹಾಕಿದ್ದರೆ ವಾಪಸು ಕೊಡಬೇಕು ಎಂದು ಸುಪ್ರೀಂ ಕೋರ್ಟು 2021ರ ಮಾರ್ಚಿನಲ್ಲಿ ಹೇಳಿದೆ. ನಿನ್ನ ಖಾತೆಯಲ್ಲಿ ಆ ಮೊತ್ತ ಮರಳಿ ಬಂದ ಎಂಟ್ರಿ ನನಗೆ ಕಾಣಲಿಲ್ಲ. 2022ರ ನಂತರ ದಂಡಬಡ್ಡಿಯನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಎಳೆದಂತಿದೆ. 60 ದಿನದ 13(2) ನೋಟಿಸು ನಿನಗೆ ಬಂದಿದೆ, ಅಮ್ಮನ ಹೆಸರಿಗೆ ಬಂದದ್ದೆಲ್ಲಿ? ಅವಳೂ ಅಡಮಾನಕ್ಕೆ ಸಹಿ ಹಾಕಿದವಳು. ಫೆಬ್ರವರಿಯಲ್ಲಿ ನೀನು ಕೊಟ್ಟ ಆಕ್ಷೇಪಣೆಗೆ 15 ದಿನದಲ್ಲಿ ಕಾರಣ ಕೊಟ್ಟು ಲಿಖಿತ ಉತ್ತರ ಬರಬೇಕಿತ್ತು, ಬಂತೇ? ಪೊಸೆಷನ್ ನೋಟಿಸು ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ, ಒಂದಾದರೂ ಇಲ್ಲಿಯ ಭಾಷೆಯಲ್ಲಿ, ಬರಬೇಕು. ಮರಾಠಿ ಪತ್ರಿಕೆಯ ಜೂನ್ 3ರಿಂದ 9ರ ತನಕದ ಸಂಚಿಕೆ ಹುಡುಕಿಸು. ಇವೆಲ್ಲ ಒಂದೇ ಅರ್ಜಿಯಲ್ಲಿ, ಒಂದೇ ಸಲ, ಏನನ್ನೂ ಮುಚ್ಚಿಡದೆ ಬರಬೇಕು. ಇವುಗಳಿಂದ ಸಾಲ ಮಾಫಿಯಾಗುವುದಿಲ್ಲ. ಲೆಕ್ಕ ಇಳಿಯಬಹುದು, ಬ್ಯಾಂಕು ಮತ್ತೆ ಮೊದಲಿನಿಂದ ನೋಟಿಸು ಕೊಡಬೇಕಾಗಬಹುದು, ಕಾಲಾವಕಾಶ ಸಿಗಬಹುದು. ನಿನಗೆ ಬೇಕಾದ್ದು ಆ ಅವಕಾಶವೇ ಅಲ್ಲವೇ?

ಅದೇ ಹೊತ್ತಿಗೆ ಒಟಿಎಸ್, ಅಂದರೆ ಒಂದೇ ಸಲಕ್ಕೆ ಸಾಲ ಚುಕ್ತಾ ಮಾಡುವ ಒಪ್ಪಂದದ ಅರ್ಜಿ ಬ್ಯಾಂಕಿಗೆ ಕೊಡಬೇಕು. ಅದು ಹಕ್ಕಲ್ಲ, ಕೊಡಿಸಿ ಎಂದು ಕೋರ್ಟಿಗೆ ಹೋಗುವಂತಿಲ್ಲ, 2021ರಲ್ಲಿ ಬಿಜ್ನೋರ್ ಬ್ಯಾಂಕಿನ ಪ್ರಕರಣದಲ್ಲಿ ಅದು ತೀರ್ಮಾನವಾಗಿದೆ. ಬ್ಯಾಂಕು ಒಪ್ಪಬೇಕು. ಕೈಯಲ್ಲಿ ಹಣ ಹಿಡಿದು ಹೋದವನ ಅರ್ಜಿಯನ್ನು ಬ್ಯಾಂಕು ಓದುತ್ತದೆ. ದಾವೆ ಹೂಡಿದವನ ಅರ್ಜಿ ಲೀಗಲ್ ವಿಭಾಗದ ಕಡತದಲ್ಲಿ ಸೇರುತ್ತದೆ. ನನ್ನ ಗ್ರ್ಯಾಚ್ಯುಟಿಯ ಫಿಕ್ಸೆಡ್ ಡಿಪಾಸಿಟ್ಟಿದೆಯಲ್ಲ, ಅದರಲ್ಲಿ 8 ಲಕ್ಷ ನಿನಗೆ ಕೊಡುತ್ತೇನೆ. ಭಾವನೂ ಒಪ್ಪಿದ್ದಾರೆ. ಹೋಟೆಲಿನ ಫ್ರೀಜರು, ಹೊರಗಿನ ಮೇಜುಗಳು, ನಷ್ಟದಲ್ಲೇ ನಡೆಯುತ್ತಿರುವ ಆ ಎರಡನೇ ಕೌಂಟರು ಮಾರಿಬಿಡು. ಆ ಕೌಂಟರಿನ ಆಸೆ ಬಿಡುವುದು ನಿನಗೆ ಕಷ್ಟ, ಬಲ್ಲೆ. ಮನೆಗಿಂತ ದೊಡ್ಡದಲ್ಲ ಅದು.

ಅಮ್ಮನಿಗೆ ಸಾಲ ಬಾಕಿ ಬಿದ್ದ ವಿಷಯ ಇಂದೇ ಹೇಳು. ಬಾಗಿಲ ಮೇಲೆ ಅಂಟಿಸಿದ್ದನ್ನು ಅವಳು ಓದಿಲ್ಲ ಎಂದುಕೊಂಡಿದ್ದೀಯ? ಮರಾಠಿ ಅವಳಿಗೆ ನಿನಗಿಂತ ಚೆನ್ನಾಗಿ ಬರುತ್ತದೆ. ನಿನ್ನೆ ಫೋನಿನಲ್ಲಿ ಅವಳು ಏನೂ ಕೇಳಲಿಲ್ಲ, ನಿನಗೆ ಊಟ ಸೇರುತ್ತಿಲ್ಲ ಎಂದಷ್ಟೇ ಹೇಳಿದಳು.

ನನಗೆ ಗೊತ್ತಿರುವ ಒಬ್ಬ ವಕೀಲೆ ಡಿಆರ್‌ಟಿಯ ಕೆಲಸವನ್ನೇ ಮಾಡುವವರು, ಸೋಮವಾರ ಸಮಯ ಕೊಟ್ಟಿದ್ದಾರೆ. ನಮ್ಮ ಕಡೆಯ ಅರ್ಜಿಗಳು ಹೋಗುವುದು ವಾಶಿ ಸ್ಟೇಷನ್ ಪಕ್ಕದ ಡಿಆರ್‌ಟಿ-3ಕ್ಕೋ ಬೇರೆಡೆಗೋ ಎಂದು ಅವರೇ ನೋಡಿ ಹೇಳುತ್ತಾರೆ. ನೀನು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆ ಸ್ಟೇಷನ್ನಿನಲ್ಲಿ ಇಳಿ, ವಾಶಿ ಗಾಡಿ ಹೊರಡುವ ಪ್ಲಾಟ್‌ಫಾರ್ಮಿನ ಮೆಟ್ಟಿಲ ಬಳಿ ನಾನಿರುತ್ತೇನೆ. ಸಾಲ ಮಂಜೂರಾತಿ ಪತ್ರ, 13(2) ನೋಟಿಸು ಮತ್ತು ಅದರ ಲಕೋಟೆ, ನಿನ್ನ ಆಕ್ಷೇಪಣೆಯ ನಕಲು, ಅಂಚೆ ರಸೀತಿ, 2018ರಿಂದ ಇಲ್ಲಿಯ ತನಕದ ಪೂರ್ತಿ ಸ್ಟೇಟ್‌ಮೆಂಟ್, ಬಾಗಿಲಿಗೆ ಅಂಟಿಸಿದ ನೋಟಿಸಿನ ಫೋಟೋ ತಾ. ನನ್ನ ರಿಲೀಸ್ ಡೀಡಿನ ನಕಲನ್ನೂ ತಾ, ಅದನ್ನು ನಾವೇ ಅರ್ಜಿಯ ಜೊತೆ ಹಾಕೋಣ.

ನಿನ್ನ ವಕೀಲರು ಕೊಟ್ಟ ಆ ಮೂರು ಕಾಗದ ನನ್ನ ಬಳಿಯೇ ಇರಲಿ.

ಇಂತಿ ನಿನ್ನ
ಅಕ್ಕ